ಬೆಲ್ಲದ ನೀರು ಕುಡಿಯುವ ಗೋಡೆ

ಕಳೆದ ತಿಂಗಳು ಒಂದು ಬೆಳಿಗ್ಗೆ ಹೂವಿನ ಬುಟ್ಟಿ ಹಿಡಿದು ಈಶ್ವರನ ಗುಡಿಗೆ ಹೊರಟವಳ ಮೂಗಿಗೆ ನಮ್ಮ ಬೀದಿಯ ತುದಿಯ ಹಳೇ ಕಾಲೇಜಿನ ಕಾಂಪೌಂಡಿನಿಂದ ಗಪ್ಪನೆ ಒಂದು ವಾಸನೆ ಬಡಿಯಿತು. ಬೆಲ್ಲ ಹುಳಿತ ವಾಸನೆ. ನನ್ನ ಮೂಗಿನ ಮೇಲೆ ನನಗೆ ಬಲು ನಂಬಿಕೆ. ಪಕ್ಕದ ಮನೆಯಲ್ಲಿ ಸಾರು ತಳ ಹಿಡಿದರೆ ಅವರಿಗಿಂತ ಮೊದಲು ನನಗೆ ತಿಳಿಯುತ್ತದೆ. ಇಣುಕಿ ನೋಡಿದರೆ ಕಲ್ಲುಕಟ್ಟಡದ ಹಿಂದೆ ನೀಲಿ ಡ್ರಮ್ಮುಗಳು, ಬಾಯಿಗೆ ಗೋಣಿತಟ್ಟು ಕಟ್ಟಿತ್ತು. ಕಳ್ಳಭಟ್ಟಿ! ವಿದ್ಯೆ ಕೊಟ್ಟ ಜಾಗದಲ್ಲಿ, ಅದೂ ಸೋಮವಾರ!

ಅನುಮಾನ ಬರದೆ ಇರುತ್ತದೆಯೇ, ನೀವೇ ಹೇಳಿ. ಗೇಟಿಗೆ 'ಕಟ್ಟಡ ಸಂರಕ್ಷಣೆ ಕಾಮಗಾರಿ' ಎಂಬ ಬೋರ್ಡು ತೂಗಿದಂದಿನಿಂದ ನನಗೆ ಸಮಾಧಾನವಿರಲಿಲ್ಲ. ಬಾಗಿಲುಗಳನ್ನೆಲ್ಲ ಬಿಚ್ಚಿದ್ದರು, ಚೌಕಟ್ಟುಗಳು ಹಲ್ಲುದುರಿದ ಬಾಯಿಯಂತೆ ಕಾಣುತ್ತಿದ್ದವು. ಇದೇ ಆಟವನ್ನು ನಾನು ಒಮ್ಮೆ ನೋಡಿದ್ದೇನೆ. ಚಿಕ್ಕಜಾಜೂರಿನಲ್ಲಿ ನಾನು ಅಕ್ಷರ ಕಲಿತ ಶಾಲೆಗೂ ರಿಪೇರಿ ಎಂದೇ ಹೇಳಿದ್ದರು. ಮೊದಲು ಸಾಗುವಾನಿ ಬಾಗಿಲು ಹೋಯಿತು, ಆಮೇಲೆ ಹೆಂಚು, ಕೊನೆಗೆ ಜೆಸಿಬಿ ಬಂತು. ಆ ಬಾಗಿಲನ್ನು ಎಷ್ಟೋ ಕಾಲದ ಮೇಲೆ ಹೆದ್ದಾರಿಯ ಹೋಟೆಲೊಂದರಲ್ಲಿ ಕಂಡೆ. ನಾವು ಹುಡುಗಿಯರು ಮೊಳೆಯಿಂದ ಕೊರೆದಿದ್ದ ನಂದಿ ಹಲಗೆಯ ಮೇಲೆ ಹಾಗೇ ಕೂತಿತ್ತು. ನಮ್ಮ ಯಜಮಾನರು ಇಡ್ಲಿ ತರಿಸಿದರು. ನಾನು ತಟ್ಟೆ ಸರಿಸಿ ಎದ್ದು ಆ ನಂದಿಯ ಮೇಲೆ ಬೆರಳಾಡಿಸಿದೆ.

ಈ ಕಾಲೇಜಿನ ಕಟ್ಟಡ ಅದಕ್ಕಿಂತ ಹಳೆಯದು. ಬ್ರಿಟಿಷರ ಕಾಲದ್ದು ಎನ್ನುತ್ತಾರೆ. ಒಬ್ಬೊಬ್ಬರು ಒಂದೊಂದು ಹೇಳುವುದರಿಂದ ಅದನ್ನೂ ನಾನು ಪೂರ್ತಿ ನಂಬಿಲ್ಲ. ಆಳೆತ್ತರದ ಕಿಟಕಿ, ಮೊಳ ದಪ್ಪದ ಗೋಡೆ, ಒಳಗೆ ಕನ್ನಡಿಯಷ್ಟು ನುಣುಪಾದ ಸುಣ್ಣದ ಗಾರೆ. ಪಿಯುಸಿಗೆಂದು ಊರಿನಿಂದ ದುರ್ಗದ ಈ ಕಾಲೇಜಿಗೇ ಬಂದು ಹೋಗುತ್ತಿದ್ದೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಶಿವ ಆ ದಿನ ನನ್ನ ಕಡೆ ನೋಡಿದನೆಂದೇ ಲೆಕ್ಕ. ಪರೀಕ್ಷೆಯ ದಿನ ಮೈ ಸುಡುವ ಜ್ವರ. ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಯೂ ಕಾದಿತ್ತು. ಕೊನೆಯ ಬೆಂಚಿನಲ್ಲಿ ಕೂತು ಗೋಡೆಗೆ ಕೆನ್ನೆ ಒತ್ತಿದೆ. ಅವ್ವ ಒದ್ದೆ ಅಂಗೈ ಇಟ್ಟಂತಾಯಿತು. ಒಂದು ಉತ್ತರ ಬರೆಯುವುದು, ಕೆನ್ನೆ ಒತ್ತುವುದು. ಪಾಸಾದೆ. ಅವ್ವ ದೇವರಿಗೆ ಕಾಯಿ ಒಡೆಸಿದಳು, ಗೋಡೆಗೂ ಒಂದು ಒಡೆಸಬಹುದಿತ್ತು. ಆ ಬೇಸಿಗೆಯಲ್ಲೇ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ಆ ಗೋಡೆ ಬಿದ್ದರೆ ನಾನೂ ಓದಿದ್ದೆ ಎನ್ನಲು ಸಾಕ್ಷಿಯೇ ಇಲ್ಲ.

"ಪೊಲೀಸ್ರಿಗೆ ಹೇಳಾಣ," ಎಂದೆ ಪಕ್ಕದ ಮನೆಯ ರುದ್ರಕ್ಕನಿಗೆ.

"ಮೊದ್ಲು ನೋಡ್ಕಂಡ್ ಬರಾಣ ನಡೀರಿ. ಭಟ್ಟಿ ಅಲ್ದಿದ್ರೆ ನಿಮ್ ಮೂಗಿನ ಮರ್ಯಾದೆ ಏನಾಗ್ಬೇಕು?"

ಹೋಗಿ ಗೋಣಿತಟ್ಟು ಎಳೆದೆ. ಮೊಳಕೈವರೆಗೆ ಸುಣ್ಣ ಮೆತ್ತಿಕೊಂಡಿದ್ದ ಹೆಂಗಸೊಬ್ಬಳು ಓಡಿಬಂದಳು.

"ಕೈ ಹಾಕ್ಬ್ಯಾಡ್ರಿ ಅಮ್ಮಾ, ಅದು ಗೋಡೆಗಿಟ್ಟಿರೋದು!"

"ಗೋಡೆ ಬೆಲ್ಲದ ನೀರು ಕುಡಿತೈತೇನೇ? ಯಾರ ಕಿವಿಗೆ ಹೂವು ಇಡ್ತೀಯ?"

"ಕುಡಿತೈತ್ರೀ. ಆದ್ರೆ ಕುಡುದ್ ಮ್ಯಾಲೆ ಗಟ್ಟಿ ನಿಲ್ತೈತೆ, ನಮ್ ಮನೆಯವ್ನಂಗೆ ಬೀಳಲ್ಲ!"

ರುದ್ರಕ್ಕ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಳು. ನಾನು ನಗದೆ ಡ್ರಮ್ಮಿನೊಳಗೆ ಬಗ್ಗಿದೆ. ಜಜ್ಜಿದ ಅಳಲೆಕಾಯಿ ತೇಲುತ್ತಿತ್ತು. ಮಕ್ಕಳ ಹೊಟ್ಟೆನೋವಿಗೆ ತೇಯ್ದು ನೆಕ್ಕಿಸಿದವಳಿಗೆ ಆ ಕಾಯಿ ಗೊತ್ತಿಲ್ಲವೇ? ಅದರ ಒಗರನ್ನು ಯಾವ ಕುಡುಕನೂ ಸಹಿಸಲಾರ. ನೋಡುತ್ತಿದ್ದಂತೆ ಅವಳು ಆ ನೀರನ್ನು ಸುಣ್ಣ-ಮರಳಿನ ರಾಶಿಗೆ ಸುರಿದು ಕಲಸತೊಡಗಿದಳು. ಹಳೇ ಗಾರೆಗೆ ಹೊಂದುವ ಗಾರೆ. ನನ್ನ ಮೂಗಿಗೆ ಅವಮಾನವಾಯಿತು.

ಆದರೆ ಬಾಯಿ ಸೋಲಲಿಲ್ಲ. "ಬಾಗ್ಲು ಎಲ್ಲಿ ಅವೆ?" ಎಂದು ಅಲ್ಲೇ ನಿಂತಿದ್ದ ಮೇಸ್ತ್ರಿಯನ್ನು ಹಿಡಿದೆ.

"ಒಳಗವೆ ಕಣ್ರಮ್ಮ, ಎಣ್ಣೆ ಹಚ್ಚಿಟ್ಟೀವಿ. ನಮಗ್ಯಾಕ್ರಿ ಬಾಗ್ಲು? ನಮ್ಮನೇಗೂ ಒಂದೈತೆ."

"ಹೋಟ್ಲಿನವ್ರಿಗೆ ಬೇಕಾಗ್ತೈತಪ್ಪ. ತೋರ್ಸು."

ಗೊಣಗುತ್ತಲೇ ತೋರಿಸಿದ. ಬಾಗಿಲುಗಳು ಇಟ್ಟಿಗೆಗಳ ಮೇಲೆ ಎಣ್ಣೆ ಸ್ನಾನ ಮಾಡಿ ಮಲಗಿದ್ದವು. ಕೈಮುಗಿದೆ. ಆದರೂ ಅಗುಳಿ ಹಳೆಯದೇ ಹೌದೋ ಎಂದು ಬಗ್ಗಿ ನೋಡಿದೆ.

ಕೊನೆಯ ಬೆಂಚಿದ್ದ ಮೂಲೆಯಲ್ಲಿ ಗಾರೆ ಉದುರಿದ ಕಡೆಗೆ ಹೊಸದಾಗಿ ಮೆತ್ತಿದ್ದರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೆನ್ನೆ ಒತ್ತಿದೆ. ಅದೇ ತಂಪು. ಮರುಕ್ಷಣ ಸುಣ್ಣ ಚುರುಗುಟ್ಟಿತು.

"ಏನ್ರೀ ಅಕ್ಕಾ, ಕೆನ್ನೆಗೂ ವಿಭೂತಿ ಹಚ್ಕಂಡ್ರಾ?" ರುದ್ರಕ್ಕ ಬಾಗಿಲಿಲ್ಲದ ಬಾಗಿಲಲ್ಲಿ ನಿಂತಿದ್ದಳು.

ಅಂದಿನಿಂದ ದಿನಾ ಬೆಳಿಗ್ಗೆ ಆ ಹುಳಿ ವಾಸನೆ ಬಂದರೆ ಊದುಬತ್ತಿ ಹಚ್ಚಿದಷ್ಟು ನೆಮ್ಮದಿ. ಗೋಡೆ ಇನ್ನೂ ಕುಡಿಯುತ್ತಿದೆ, ಅಂದರೆ ಇನ್ನೂ ನಿಂತಿದೆ.

ಇವತ್ತು ಬೆಳಿಗ್ಗೆ ವಾಸನೆ ಬರಲಿಲ್ಲ. ಅಂಗಳದಲ್ಲಿ ನಿಂತು ಮತ್ತೆ ಮತ್ತೆ ಮೂಸಿದೆ. "ರಜಾ ಇರ್ಬೇಕು ಬಿಡ್ರಿ," ಎಂದಳು ರುದ್ರಕ್ಕ ರಂಗೋಲಿ ಎಳೆಯುತ್ತ. ಇರಬಹುದು. ಚಿಕ್ಕಜಾಜೂರಿನಲ್ಲೂ ಜೆಸಿಬಿ ಬರುವ ಮೊದಲು ಕೆಲಸಕ್ಕೆ ರಜಾ ಎಂದೇ ಹೇಳಿದ್ದರು. ಚಪ್ಪಲಿ ಮೆಟ್ಟಿಕೊಂಡೆ. ಈಶ್ವರನಿಗೆ ಇವತ್ತು ಹೂವು ಸ್ವಲ್ಪ ತಡ.