ಪದಕದ ಪುಟ ಬಿಟ್ಟು ಓದಿ

ಆಟಗಾರರ ಆತ್ಮಕಥೆಗಳಲ್ಲಿ ಯಾವುದನ್ನು ಓದಲಿ ಎಂದು ಯಾರಾದರೂ ಕೇಳಿದರೆ ನನಗೆ ಹುರುಪು ಬರುತ್ತದೆ. ಮೊದಲ ಪುಟದಲ್ಲೇ ಪದಕ ಹೊಳೆಯುತ್ತಿದ್ದರೆ ಅಲ್ಲೇ ಇಟ್ಟುಬಿಡಿ ಮಾರಾಯರೇ ಎನ್ನುತ್ತೇನೆ. ಸೋತ ಮರುದಿನ ಏನು ತಿಂದೆ, ಯಾರ ಫೋನು ಎತ್ತಲಿಲ್ಲ ಎಂದು ಬರೆದವರನ್ನು ಓದಿ. ವಿಶಾಖಪಟ್ಟಣದ ಬಾಡಿಗೆ ಮನೆಯಲ್ಲಿ ಒಬ್ಬನಿಗೇ ಅನ್ನ ಮಾಡಿಕೊಳ್ಳುವ ನನಗೆ ಅಂಥವರೇ ಹತ್ತಿರದವರು.

ನನ್ನ ಕೆಲಸ ಅನಕಾಪಲ್ಲಿ ಕಡೆಯ ಔಷಧ ಕಾರ್ಖಾನೆಯಲ್ಲಿ. ಹೆಂಡತಿ ತೆಲುಗಿನವಳು. ಮಗಳ ಉದ್ದಜಿಗಿತದ ತರಬೇತಿಗೆಂದು ಅವರಿಬ್ಬರೂ ವಿಜಯವಾಡದ ಅಜ್ಜಿಯ ಮನೆಯಲ್ಲಿದ್ದಾರೆ. ಹೋದ ವರ್ಷ ಮಗಳು ಮೊಣಕಾಲು ತಿರುಚಿಕೊಂಡು ಹಾಸಿಗೆ ಹಿಡಿದಳು. ಇನ್ನು ಜಿಗಿಯುವುದೇ ಇಲ್ಲ ಎಂದು ಹಟ ಹಿಡಿದಳು. ನಾನು ನನ್ನೂರು ದಾವಣಗೆರೆಯಿಂದ ಓಟಗಾರ್ತಿಯೊಬ್ಬಳ ಆತ್ಮಕಥೆ ತರಿಸಿ, ಕನ್ನಡದ್ದೇ, ಅವಳಿಗೆ ಕಳಿಸಿದೆ. ದಿನಾ ಫೋನಿನಲ್ಲಿ ವಿಚಾರಿಸುತ್ತಿದ್ದೆ.

"ಓದ್ತಿದೀನಿ ನಾನ್ನಾ, ಚೆನ್ನಾಗಿದೆ" ಎನ್ನುತ್ತಿದ್ದಳು. ಅಮ್ಮನ ಮನೆಯವರಂತೆ ಅವಳಿಗೂ ಅಪ್ಪ ಎಂದರೆ ನಾನ್ನ. ನಾನಂತೂ ಉಬ್ಬಿಹೋಗಿದ್ದೆ.

ಒಂದು ಭಾನುವಾರ ನೋಡಲು ಹೋದೆ. ಪುಸ್ತಕ ದಿಂಬಿನ ಪಕ್ಕದಲ್ಲೇ ಇತ್ತು. ಹೊಸ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಅವುಗಳನ್ನು ಬಿಡಿಸುವುದನ್ನು ಕಂಡು ಮಗಳು ತಲೆ ತಗ್ಗಿಸಿದಳು.

"ನಂಗೆ ಕನ್ನಡ ಮಾತಾಡಕ್ಕೆ ಬರತ್ತೆ, ಓದಕ್ಕೆ ಎಲ್ಲಿ ಬರತ್ತೆ ನಾನ್ನಾ? ನೀನು ಅಷ್ಟು ಖುಷಿಯಾಗಿ ಕೇಳ್ತಿದ್ದೆ, ಹೇಗೆ ಹೇಳೋದು?"

ಮನೆಯಲ್ಲಿ ಕನ್ನಡ ಮಾತಾಡುವವಳಿಗೆ ಅಕ್ಷರವೂ ತಾನಾಗಿ ಬಂದಿರುತ್ತದೆ ಎಂದುಕೊಂಡಿದ್ದ ಮಹಾಬುದ್ಧಿವಂತ ನಾನು! ಅಲ್ಲೇ ಕೂತು ಗಟ್ಟಿಯಾಗಿ ಓದಿದೆ. ಕಾಲಿಗೆ ಪೆಟ್ಟಾದ ಓಟಗಾರ್ತಿ ಬೇಲಿಯಾಚೆ ಕೂತು ಗೆಳತಿಯರ ಓಟ ನೋಡುವ ಭಾಗ ಅದು. ಮಗಳು ಕಣ್ಣು ಮುಚ್ಚಿ ಕೇಳಿದಳು. "ಇನ್ನೊಂದ್ಸಲ ಓದು" ಎಂದಳು.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ಸಂಜೆ ಸಂಜೆ ಒಂದಿಷ್ಟು ಓದಿ, ಧ್ವನಿಮುದ್ರಿಸಿ, ವಾಟ್ಸಾಪಿನಲ್ಲಿ ಕಳಿಸತೊಡಗಿದೆ. ಕೇಳಿದ ತಕ್ಷಣ ಅವಳ ಫೋನು ಬರುತ್ತಿತ್ತು. ಆಮೇಲೆ ಏನಾಯಿತು, ಆ ಓಟಗಾರ್ತಿ ಮತ್ತೆ ಓಡಿದಳಾ ಎಂದು ಪೀಡಿಸುತ್ತಿದ್ದಳು. ಆ ತಿಂಗಳುಗಳಲ್ಲಿ ನನಗೆ ಈ ಊರು ಪರವೂರು ಅನ್ನಿಸಲೇ ಇಲ್ಲ.

ಈಗ ಅವಳು ಮತ್ತೆ ಮೈದಾನಕ್ಕಿಳಿದಿದ್ದಾಳೆ. ದಣಿದು ಬಂದು ಮಲಗಿಬಿಡುತ್ತಾಳಂತೆ, ಅವಳಮ್ಮ ಹೇಳಿದಳು. ನಾನು ಈಚೆಗೆ ಕಳಿಸಿದ್ದೆಲ್ಲ ಕೇಳದೇ ಉಳಿದಿದೆ. ಆದರೂ ಸಂಜೆಯಾದರೆ ಪುಸ್ತಕ ತೆರೆಯುತ್ತೇನೆ. ಈ ಮನೆಯಲ್ಲಿ ಕನ್ನಡ ಕೇಳಿಸುವುದು ಆಗ ಮಾತ್ರ. ತುಂಬಾ ಒಂಟಿ ಅನ್ನಿಸುತ್ತದೆ. ಯಾರನ್ನು ದೂರಲಿ? ಅವಳ ಕಾಲು ಬೇಗ ವಾಸಿಯಾಗಲಿ ಎಂದು ಹರಕೆ ಹೊತ್ತವನು ನಾನೇ.