ಮುರ್ತುಜಸಾಬ ಹೇಳಿದ ಖರೆ ಮಾತು

ಇಳಕಲ್ಲಿನ ಮುರ್ತುಜಸಾಬ ಚನ್ನವೀರಗೌಡರ ಕಾರು ಓಡಿಸುತ್ತಲೇ ಮುದುಕನಾದ. ಗೌಡರು ಶಾಸಕಾಂಗ ಪಕ್ಷದ ನಾಯಕರಾದ ಮೇಲಂತೂ ಅವನ ಊಟ, ನಿದ್ದೆ ಎರಡೂ ಕಾರಿನಲ್ಲೇ. ಸೊಂಟನೋವು ಬಿಡುತ್ತಿರಲಿಲ್ಲ. ರಾಷ್ಟ್ರಪತಿ ಚುನಾವಣೆಗೆ ಗೌಡರ ಹೆಸರು ಕೇಳಿಬಂದಾಗ ಹೆಂಡತಿ ರಂಜಾನಬಿ, "ಅವರು ದಿಲ್ಲಿಗೆ ಹೋದ್ರ ನೀವು ಮನಿಯಾಗ ಆರಾಮ ಇರಬಹುದು," ಎಂದಳು. ಅವನಿಗೂ ಅದೇ ಆಸೆಯಿತ್ತು.

ಆ ವಾರ ಬಾದಾಮಿಯಿಂದ ಮರಳುವಾಗ ಗೌಡರೇ ಕೇಳಿದರು. "ಮುರ್ತುಜ, ನಾ ನಿಂತ್ರ ಹೆಂಗ? ಎಲ್ಲಾರೂ ಹೂಂ ಅಂತಾರ. ನೀ ಖರೆ ಹೇಳು."

ಹೂಂ ಅಂದಿದ್ದರೆ ಸಾಕಿತ್ತು. ಮುರ್ತುಜಸಾಬ ಕಾರಿನ ವೇಗ ಇಳಿಸಿದ.

"ನೀವು ಮುಂಜಾನೆ ಒಬ್ಬರ ಜೋಡಿ ಜಗಳಾ ಆಡ್ತೀರಿ, ಸಂಜಿಕ್ಕ ಅವರ ಮನಿಗೇ ಹೋಗಿ ಚಾ ಕುಡೀತೀರಿ. ಹಂಗ ಪಕ್ಷದ ಮಂದೀನ ಹಿಡಕೊಂಡು ಬಂದೀರಿ. ರಾಷ್ಟ್ರಪತಿ ಆದ್ರ ಯಾರ ಪರಾನೂ ಮಾತಾಡಂಗಿಲ್ಲ, ಯಾರನ್ನೂ ಬೈಯಂಗಿಲ್ಲ. ನಿಮಗ ಅದು ಆಗೂದಿಲ್ರಿ, ಗೌಡ್ರ."

ಕಮತಗಿ ದಾಟಿದ ಮೇಲೆ ಗೌಡರು, "ನನಗೂ ಹಂಗ ಅನಸ್ತೈತಿ," ಎಂದರು. ಕೂಡಲೇ ಪಕ್ಷದ ಹಿರಿಯರಿಗೆ ಫೋನ್ ಮಾಡಿ, ತಮ್ಮ ಹೆಸರು ಬೇಡವೆಂದರು. ಆಮೇಲೆ ಇವನತ್ತ ತಿರುಗಿ, "ನಾಳೆ ಹುನಗುಂದದಾಗ ಸಭಾ ಐತಿ. ಲಗೂನ ಬಾ," ಎಂದರು.

"ಬರ್ತೇನ್ರಿ."

ಹೇಳಿದ್ದಕ್ಕೆ ಅವನಿಗೆ ಪಶ್ಚಾತ್ತಾಪವಾಗಲಿಲ್ಲ. ಆದರೆ ಅಮೀನಗಡದ ಹತ್ತಿರ ಸೊಂಟ ಹಿಡಿದಂತಾಗಿ ಕಾರು ನಿಲ್ಲಿಸಿ ಕೆಳಗಿಳಿದು, ಬಾಗಿಲು ಹಿಡಿದುಕೊಂಡು ಬಹಳ ಹೊತ್ತು ನಿಂತ. ಗೌಡರು ಅವಸರ ಮಾಡಲಿಲ್ಲ.