ಮುನ್ನುಡಿ ಓದದೆ ಮಾಡಿದ ವಂದನಾರ್ಪಣೆ

ಮಾರಿಸ್‌ಟೌನಿನ ಲೈಬ್ರರಿಯವರು ಹಳೆಯ ಪುಸ್ತಕಗಳನ್ನು ಮಾರಾಟಕ್ಕೆ ಹಾಕಿದ ದಿನ ನನ್ನ ಕೈಗೆ ಬೆನ್ನು ಕಿತ್ತುಹೋದ ಒಂದು ದಪ್ಪ ಪುಸ್ತಕ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ, ಸಿಗಾರು ಬಾಯಲ್ಲಿಟ್ಟುಕೊಂಡೇ ಫೋಟೋಗೆ ನಿಲ್ಲುತ್ತಿದ್ದ ಆ ಮಹಾಶಯ ಇನ್ನೂ ಹುಡುಗನಾಗಿದ್ದಾಗ ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣಗಳು. ಅವನ ಮೇಲೆ ನನಗೇನೂ ಪ್ರೀತಿ ಇರಲಿಲ್ಲ. ಆದರೆ ಭಾಷಣ ಮಾಡುವುದನ್ನು ತುರ್ತಾಗಿ ಕಲಿಯಬೇಕಾಗಿತ್ತು, ಎತ್ತಿಕೊಂಡೆ.

ಇದಕ್ಕೆಲ್ಲ ಮೂಲ ಹಿಂದಿನ ವರ್ಷದ ಯುಗಾದಿ. ಈ ಪರದೇಶದಲ್ಲಿ ನಾವು ಕಟ್ಟಿಕೊಂಡ ಕನ್ನಡ ಬಳಗದ ಕಾರ್ಯಕ್ರಮದಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಹಾಲ್ ಕೊಡಿಸಿದವರು, ಮೈಕ್ ತಂದವರು, ಪರದೆ ಎಳೆದವರು, ಕೊನೆಗೆ ಪಾರ್ಕಿಂಗ್ ತೋರಿಸಿದವರನ್ನೂ ಬಿಡದೆ ಪಟ್ಟಿ ನೋಡಿಕೊಂಡು ವಂದಿಸಿದೆ. ಅಷ್ಟೂ ಜನಕ್ಕೆ ಬಿಸಿಬೇಳೆಬಾತ್ ಮಾಡಿದ್ದ, ಮನ್ರೋದಲ್ಲಿ ನಮ್ಮ ಎದುರು ಮನೆಯ ಆಂಟಿ ಆ ಪಟ್ಟಿಯಲ್ಲಿರಲಿಲ್ಲ. ಮರೆತಿದ್ದಲ್ಲ. ಮನೆಯವರಿಗೆ ಯಾರಾದರೂ ಮೈಕಿನಲ್ಲಿ ಥ್ಯಾಂಕ್ಸ್ ಹೇಳುತ್ತಾರೆಯೇ ಎಂದುಕೊಂಡಿದ್ದೆ. ನನ್ನ ಮಗಳು ಹುಟ್ಟಿದಾಗ ಅಮ್ಮನಿಗೆ ವೀಸಾ ಸಿಗಲಿಲ್ಲ. ಆಗ ನಲವತ್ತು ದಿನ ಮೆಣಸಿನ ಸಾರು, ತುಪ್ಪದನ್ನ ತಂದು ಎದುರು ಕೂತು ತಿನ್ನಿಸಿದವರು ಈ ಆಂಟಿ. ನನ್ನ ಪಾಲಿಗೆ ಅವರು ತಾಯಿಯೇ. ಆದರೆ ಅವರ ಕಿವಿಗೆ ಬಿದ್ದದ್ದು ಇಷ್ಟು: ಪಾರ್ಕಿಂಗಿನವನಿಗೆ ವಂದನೆ ಬಂತು, ತನಗೆ ಬರಲಿಲ್ಲ.

ಜಗಳ ಆಡಿದ್ದರೆ ಚೆನ್ನಾಗಿತ್ತು, ನನಗೆ ಜಗಳ ಬರುತ್ತದೆ. ಆಂಟಿ ಆಡಲಿಲ್ಲ. ದಿನಾ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮುಂಚೆ ಬರುತ್ತಿದ್ದ ಅವರ ಫೋನ್ ನಿಂತುಹೋಯಿತು. ನಾನೇ ಮಾಡಿದರೆ, "ಚೆನ್ನಾಗಿದ್ದೀನಮ್ಮ, ನೀವು ಹೇಗಿದ್ದೀರಿ?" ಎನ್ನುತ್ತಿದ್ದರು. ನನ್ನನ್ನು ಯಾವತ್ತೂ 'ನೀನು' ಎನ್ನುತ್ತಿದ್ದವರು ಅವರು. ಹಾಗಾಗಿ ಮರುವರ್ಷ ನಾನೇ ಕೇಳಿ ವಂದನಾರ್ಪಣೆ ಹಾಕಿಸಿಕೊಂಡೆ. ಈ ಸಲ ಕೈಯಲ್ಲಿ ಕಾಗದ ಇರಕೂಡದು ಎಂದು ಹಟ ಹಿಡಿದೆ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಕಂಪನಿಗಳು ಹೆದರಿ, ನಮ್ಮಂಥವರಿಗೆ ಕೈತುಂಬ ಕೆಲಸ ಕೊಟ್ಟಿದ್ದ ಕಾಲ ಅದು. ಮನ್ರೋದಿಂದ ಮಾರಿಸ್‌ಟೌನಿಗೆ ನಾವು ಮೂವರು ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದೆವು. ಡ್ರೈವ್ ಮಾಡುವವರು ಮಂಗಳೂರಿನವರು, ಹಿಂದಿನ ಸೀಟಿನಲ್ಲಿ ಹುರಿಮೀಸೆಯ ಧಾರವಾಡದವರು. ಟ್ರಾಫಿಕ್ಕಿನಲ್ಲಿ ಕಾರು ನಿಂತಾಗಲೆಲ್ಲ ನಾನು ಪುಸ್ತಕ ತೆಗೆದು ಗಟ್ಟಿಯಾಗಿ ಓದುತ್ತಿದ್ದೆ.

"ನಮ್ಮ ಅಜ್ಜ ಜೇಲಿಗೆ ಹೋಗಿದ್ದು ಇವನ ಕಾಲದಾಗರೀ," ಎಂದರು ಧಾರವಾಡದವರು ಮೊದಲ ದಿನವೇ. "ಇವನ ಭಾಷಣ ನಾ ಯಾಕ ಕೇಳ್ಲಿ?"

"ಕಿವಿ ಮುಚ್ಕೊಳ್ಳಿ," ಎಂದೆ. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ.

ಅವರು ಮುಚ್ಚಿಕೊಳ್ಳಲಿಲ್ಲ. ಸೈನ್ಯಕ್ಕೆ ಇಷ್ಟೊಂದು ಖರ್ಚು ಯಾಕೆ ಎಂದು ಆ ಹುಡುಗ ತನ್ನ ಪಕ್ಷದವರನ್ನೇ ಜಾಡಿಸುತ್ತಿದ್ದ. ಹೊರದೇಶದ ಸಾಮಾನಿಗೆ ಸುಂಕ ಹಾಕಬೇಡಿ ಎಂದು ಹಟಕ್ಕೆ ಬಿದ್ದು ಕೊನೆಗೆ ಪಕ್ಷವನ್ನೇ ಬಿಟ್ಟು ಎದುರು ಸಾಲಿಗೆ ಹೋಗಿ ಕುಳಿತ. ಎರಡನೇ ವಾರಕ್ಕೆ "ನಿನ್ನೆ ಎಲ್ಲಿಗೆ ನಿಲ್ಲಿಸಿದ್ರಿ?" ಎಂದು ಧಾರವಾಡದವರೇ ಕೇಳತೊಡಗಿದರು. "ಸಣ್ಣಾಂವ ಇದ್ದಾಗ ಛಲೋ ಇದ್ದ. ಆಮ್ಯಾಲೆ ಕೆಟ್ಟ ನೋಡ್ರಿ," ಎಂದು ತೀರ್ಪನ್ನೂ ಕೊಟ್ಟರು.

ಅವನು ಇಡೀ ಭಾಷಣ ಬರೆದು ಅಕ್ಷರ ಬಿಡದೆ ಬಾಯಿಪಾಠ ಮಾಡುತ್ತಿದ್ದ ಎಂಬುದು ಒಂದು ಪುಟದ ಕೆಳಗಿನ ಟಿಪ್ಪಣಿಯಲ್ಲಿತ್ತು. ಮಗ್ಗಿ ಬಾಯಿಪಾಠ ಮಾಡಿ ಬೆಳೆದವಳಿಗೆ ಇದೇನು ಮಹಾ ಎಂದುಕೊಂಡೆ. ನನ್ನ ವಂದನಾರ್ಪಣೆಯನ್ನು ಬರೆದು, ತಿಂಗಳಿಡೀ ಕಾರಿನಲ್ಲಿ ಒಪ್ಪಿಸಿದೆ. ಒಂದು ಪದ ತಪ್ಪಿದರೆ, "ಎಂತ ಮಾರಾಯ್ರೆ, ಪುನಃ ಹೇಳಿ," ಎಂದು ಮಂಗಳೂರಿನವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳುತ್ತಿದ್ದರು.

ಯುಗಾದಿ ಕಾರ್ಯಕ್ರಮ ಕ್ರ್ಯಾನ್‌ಬರಿಯ ಒಂದು ಶಾಲೆಯ ಹಾಲ್‌ನಲ್ಲಿ. ಪದ್ಧತಿಯಂತೆ ಎಲ್ಲ ತಡವಾಗಿತ್ತು. ನಾನು ಮೈಕ್ ಹಿಡಿಯುವಾಗ ಬಳಗದ ಅಧ್ಯಕ್ಷರು ಕಿವಿಯಲ್ಲಿ, "ಎರಡೇ ನಿಮಿಷದಲ್ಲಿ ಮುಗಿಸಿಬಿಡಿ, ಜನಕ್ಕೆ ಹಸಿವು," ಎಂದರು. ನನ್ನದು ಐದು ನಿಮಿಷದ ಭಾಷಣ. ಹಾಲ್, ಮೈಕ್, ಪರದೆ ಎಲ್ಲವನ್ನೂ ಬಿಟ್ಟು ನೇರವಾಗಿ ಆಂಟಿಯ ಭಾಗಕ್ಕೆ ಹಾರಲು ಹೋದೆ. ಆದರೆ ಬಾಯಿಪಾಠವನ್ನು ನಡುವಿನಿಂದ ಶುರು ಮಾಡಲು ಬರುವುದಿಲ್ಲ. ಬಾಯಿ ತೆರೆದರೆ ಮಾತೇ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಆಂಟಿ ಒಂದು ಕ್ಷಣ ನನ್ನನ್ನು ನೋಡಿ, ಒಳಗೆ ತಿರುಗಿದರು.

ಆಗ ಹಿಂದಿನ ಸಾಲಿನಿಂದ ಧಾರವಾಡದ ಕಂಚಿನ ಕಂಠ ಎದ್ದಿತು: "ನಾನು ಬಾಣಂತಿಯಾಗಿದ್ದಾಗ ನನ್ನ ಅಮ್ಮ ಏಳು ಸಮುದ್ರದಾಚೆ ಇದ್ದರು."

ಪಕ್ಕದಿಂದ ಮಂಗಳೂರು ಮುಂದುವರಿಸಿತು: "ನಲವತ್ತು ದಿನ ನನಗೆ ಅನ್ನ ಹಾಕಿದವರು ಈ ತಾಯಿ."

ಜನ ತಿರುಗಿ ಆ ಮೀಸೆಯನ್ನು ನೋಡಿದರು. ಆಮೇಲೆ ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಂಟಿ ಸೌಟು ಸಮೇತ ಹೊರಗೆ ಬಂದು, ಗೋಡೆಗೆ ಒರಗಿ ನಗುತ್ತಿದ್ದರು. ನನಗೆ ನಗು, ಅಳು ಎರಡೂ ಬಂತು. ಬಾಯಿಪಾಠದಲ್ಲಿ ಇಲ್ಲದ್ದನ್ನು ಹೇಳಿದೆ: "ಆಂಟಿ, ಮನೆಯವರು ಅಂತ ಹೋದ ವರ್ಷ ಹೇಳ್ಲಿಲ್ಲ. ತಪ್ಪಾಯ್ತು."

"ಸಾಕು, ಇಳಿದು ಬಾ. ಬಾತ್ ಆರಿಹೋಗ್ತಿದೆ," ಎಂದರು ಆಂಟಿ.

ಊಟಕ್ಕೆ ಕೂತಾಗ ಮಂಗಳೂರಿನವರು, "ನೀವು ಆ ಪುಸ್ತಕದ ಮುನ್ನುಡಿ ಓದ್ಲಿಲ್ಲ ಅಲ್ವಾ?" ಎಂದರು. ಪುಸ್ತಕ ಕಾರಿನಲ್ಲೇ ಬಿದ್ದಿರುತ್ತಿದ್ದರಿಂದ ಅವರು ಓದಿದ್ದರು. ಆ ಮಹಾಶಯನೂ ಒಮ್ಮೆ ತುಂಬಿದ ಪಾರ್ಲಿಮೆಂಟಿನಲ್ಲಿ ಬಾಯಿಪಾಠ ಮರೆತು, ಮುಖ ಮುಚ್ಚಿಕೊಂಡು ಕುಳಿತುಬಿಟ್ಟಿದ್ದನಂತೆ. ಆಮೇಲೆ ಕಾಗದವಿಲ್ಲದೆ ನಿಲ್ಲಲೇ ಇಲ್ಲವಂತೆ. "ಅದಕ್ಕೇ ನಾವಿಬ್ರೂ ನಿಮ್ಮ ಭಾಷಣ ಕಲ್ತದ್ದು. ನೀವು ಹೇಳಿದ್ರೆ ಕೇಳುವ ಜನ ಅಲ್ಲ." ಧಾರವಾಡದವರು ತಲೆ ಎತ್ತದೆ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

ಸೋಮವಾರ ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಿದ್ದಾಗ ಫೋನ್ ಬಡಿದುಕೊಂಡಿತು. ಒಂದು ವರ್ಷದಿಂದ ಆ ಹೊತ್ತಿನಲ್ಲಿ ಯಾರ ಫೋನೂ ಬಂದಿರಲಿಲ್ಲ.

"ಅಂಟಿನುಂಡೆ ಮಾಡಿದ್ದೀನಿ, ಹೋಗ್ತಾ ಡಬ್ಬ ತಗೊಂಡು ಹೋಗು," ಎಂದರು ಆಂಟಿ. "ದಾರೀಲಿ ನೀನು ತಿನ್ನಬೇಡ. ಹಿಂದಿನ ಸೀಟಿನ ಬಾಣಂತಿಗೆ ಅದು."